ಗಂದೋಲ್ಫೊ ಬೀದಿಯ ಅಗಲ

ನಮ್ಮ ಊರಿಗೆ ನಕ್ಷೆ ಇಲ್ಲ. ಮಾಡಲು ಒಬ್ಬ ಬಂದಿದ್ದ, ನನಗೆ ಚೆನ್ನಾಗಿ ನೆನಪಿದೆ. ಕಾಲಿಗೆ ಬೂಟು, ಹೆಗಲ ಮೇಲೆ ಅಳತೆಯ ಸರಪಳಿ, ಮುಖದ ತುಂಬ ಸರಕಾರದ ಗತ್ತು. ಬೆಳಿಗ್ಗೆ ಅಳೆದ ಬೀದಿ ಸಂಜೆಗೆ ಬೇರೆ ಅಗಲ ತೋರಿಸಿದಾಗ ಮೊದಲು ಸರಪಳಿಯನ್ನು ಬೈದ, ಆಮೇಲೆ ಸಹಾಯಕನನ್ನು ಬೈದ, ಕೊನೆಗೆ ನನ್ನ ಹತ್ತಿರ ಒಂದು ಪೊಟ್ಟಣ ಹುರಿಗಡಲೆ ಕೊಂಡು ತಿನ್ನುತ್ತಾ, ಬಂದ ದಾರಿಯಲ್ಲೇ ಬೆಟ್ಟ ಇಳಿದು ಹೋದ. ಬೀದಿಗಳು ಹೀಗೇಕೆ ಎಂದು ಕೇಳಿದ್ದರೆ ಹೇಳುತ್ತಿದ್ದೆವೋ ಏನೋ. ಅವನು ಕೇಳಲಿಲ್ಲ, ನಾವೂ ಬಾಯಿ ಬಿಡಲಿಲ್ಲ.

ಊರು ಅಂಗೈಯಗಲದ್ದು. ಬೆಟ್ಟದ ನೆತ್ತಿಯ ಮೇಲೆ ಕೂತಿದೆ. ಕೆಳಗೆ ಬಾದಾಮಿ ತೋಟಗಳು, ಅದರಾಚೆ ಗಂಧಕದ ಗಣಿ, ಅದರಾಚೆ ಸಮುದ್ರ. ಇಷ್ಟು ಸಣ್ಣ ಊರಿನಲ್ಲಿ ಅಷ್ಟೊಂದು ವಿದ್ವಾಂಸರು ಹೇಗೆ ಹುಟ್ಟಿದರೋ ದೇವರಿಗೇ ಗೊತ್ತು. ಜ್ವರಗಳ ಬಗ್ಗೆ ಬರೆದ ವೈದ್ಯ ಲಿಬೊರಿಯೊ, ಗ್ರಹಣಗಳನ್ನು ಮುಂಚಿತವಾಗಿ ಹೇಳಿದ ಪಾದ್ರಿ ಕೋಸಿಮೊ, ಮಠದ ಗೋಡೆ ದಾಟದೆ ರೇಖಾಗಣಿತ ಬರೆದ ಸನ್ಯಾಸಿನಿ ಎವುಲಾಲಿಯಾ, ಕಾನೂನಿನ ಗ್ರಂಥ ಬರೆದ ತೆಯೊದೋರೊ. ಎಲ್ಲರೂ ಸತ್ತು ತಲೆಮಾರುಗಳೇ ಕಳೆದಿವೆ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಬೀದಿ. ಆ ವಿದ್ವಾಂಸನ ಮಾತು ಬೀದಿಯಲ್ಲಿ ಜೀವಂತವಾಗಿರುವಷ್ಟು ಕಾಲ ಬೀದಿ ತೆರೆದಿರುತ್ತದೆ. ಇಲ್ಲದಿದ್ದರೆ ಎರಡೂ ಬದಿಯ ಮನೆಗಳು ಒಂದರ ಕಡೆಗೊಂದು ಸರಿಯತೊಡಗುತ್ತವೆ. ಚರ್ಚಿನ ಹಿಂದೆ ಹಲ್ಲಿ ಮಾತ್ರ ತೂರುವಂಥ ಒಂದು ಸಂದಿದೆ. ಅದು ಯಾರ ಬೀದಿಯಾಗಿತ್ತು ಎಂದು ಈಗ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಅದು ಮುಚ್ಚುತ್ತಲೇ ಇರಲಿಲ್ಲ.

ಹಾಗಾಗಿ ಸಂಜೆಯ ಗಂಟೆ ಹೊಡೆದಾಗ ಪ್ರತಿ ಬೀದಿಯ ತುದಿಯಲ್ಲಿ, ವಿದ್ವಾಂಸನ ಹೆಸರು ಕೆತ್ತಿದ ಫಲಕದ ಕೆಳಗಿನ ಕಲ್ಲುಬೆಂಚಿನ ಮೇಲೆ ಆ ದಿನದ ಸರದಿಯವರು ಕೂತು ಗಟ್ಟಿಯಾಗಿ ಓದುತ್ತಾರೆ. ಕಟುಕ ಜ್ವರದ ಲಕ್ಷಣಗಳನ್ನು ಓದುತ್ತಾನೆ, ದರ್ಜಿ ತ್ರಿಕೋನಗಳ ಬಗ್ಗೆ ಓದುತ್ತಾನೆ. ಅರ್ಥವಾಯಿತೇ ಎಂದು ಕೇಳುವುದು ನಮ್ಮಲ್ಲಿ ಕೆಟ್ಟ ನಡತೆ. ಲಿಬೊರಿಯೊ ಬೀದಿಯಲ್ಲಿ ಎರಡು ಗಾಡಿ ಎದುರುಬದುರು ಹಾಯುತ್ತವೆ. ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾದರೆ ಊರಿಗೆ ಊರೇ ಆ ಪುಸ್ತಕ ಕೆದಕುತ್ತದೆ, ಇವನು ಹೇಳಿದ ಕಷಾಯ ಕುಡಿಸಿದರೂ ಜ್ವರ ಬಿಡಲಿಲ್ಲ ಎಂದು ಗೊಣಗುತ್ತದೆ. ಕೋಸಿಮೊ ಬೀದಿ ಗ್ರಹಣ ಹತ್ತಿರ ಬಂದಾಗ ಹಿಗ್ಗಿ, ಮುಗಿದ ಮೇಲೆ ಕುಗ್ಗುತ್ತದೆ. ಅಲ್ಲಿಯವರು ಮಂಚ, ಕಪಾಟು ಸಾಗಿಸುವ ಕೆಲಸವನ್ನೆಲ್ಲ ಗ್ರಹಣದ ವಾರಕ್ಕೆ ಇಟ್ಟುಕೊಳ್ಳುತ್ತಾರೆ. ಎಲ್ಲಕ್ಕಿಂತ ಅಗಲವಾದದ್ದು ತೆಯೊದೋರೊ ಬೀದಿ. ಅಲ್ಲಿ ವಕೀಲರೇ ತುಂಬಿದ್ದಾರೆ. ಎರಡು ಸಾಲು ಓದುವಷ್ಟರಲ್ಲಿ ಒಬ್ಬ ಎದ್ದು ತೆಯೊದೋರೊ ಹೇಳಿದ್ದು ತಪ್ಪು ಎನ್ನುತ್ತಾನೆ, ಇನ್ನೊಬ್ಬ ತಪ್ಪು ನಿನ್ನದೇ ಎನ್ನುತ್ತಾನೆ, ಪುಟ ಮಗುಚುವುದೇ ಇಲ್ಲ. ಇಷ್ಟು ಶಿಸ್ತುಗೆಟ್ಟ ಬೀದಿಗೆ ಅಷ್ಟು ಅಗಲ ಹೇಗೆ ಬಂತು ಎಂದು ನಾವು ಹೊಟ್ಟೆ ಉರಿದುಕೊಳ್ಳುತ್ತಿದ್ದೆವು.

ನಮ್ಮದು ಗಂದೋಲ್ಫೊ ಬೀದಿ. ಗಂದೋಲ್ಫೊ ಮಹಾಶಯ ಬರೆದ ಪುಸ್ತಕದ ಹೆಸರು 'ಮನಸ್ಸಿನ ಸ್ಥಿಮಿತ'. ಸಿಟ್ಟು ಬಂದಾಗ ಏನು ಮಾಡಬೇಕು, ನಷ್ಟವಾದಾಗ ಹೇಗಿರಬೇಕು, ಸಾವು ಬಂದಾಗ ಏನು ಯೋಚಿಸಬೇಕು, ಎಲ್ಲಾ ಅದರಲ್ಲಿದೆ. ಆ ಪುಸ್ತಕವನ್ನು ನಾವು ಓದುತ್ತಿರಲಿಲ್ಲ, ನಮಗೆ ಅದು ಬಾಯಿಪಾಠವಿತ್ತು. ಪುಸ್ತಕ ಗೋಡೆಯ ಗೂಡಿನಲ್ಲಿ ಬೀಗ ಹಾಕಿಕೊಂಡು ಕೂತಿತ್ತು, ನಮ್ಮ ಮಕ್ಕಳು ಜಪದ ಮಾತಿಗಿಂತ ಮೊದಲು ಗಂದೋಲ್ಫೊನ ಮಾತು ಕಲಿಯುತ್ತಿದ್ದರು. ಬೇರೆ ಬೀದಿಯವರು ಸಂಜೆಯಾದರೆ ಕನ್ನಡಕ ಹುಡುಕಬೇಕು, ದೀಪ ಹಚ್ಚಬೇಕು. ನಾವು ಅವರೆಕಾಳು ಸುಲಿಯುತ್ತಲೇ ಒಂದು ಅಧ್ಯಾಯ ಮುಗಿಸಿಬಿಡುತ್ತಿದ್ದೆವು. ಈ ಊರಿನಲ್ಲಿ ವಿದ್ವಾಂಸನನ್ನು ಮೈಗೂಡಿಸಿಕೊಂಡವರು ಅಂದರೆ ನಾವೇ ಎಂದು ಬೀಗುತ್ತಿದ್ದೆವು. ನಮ್ಮ ಬೀದಿಯ ಹಿರಿಯ ಬಾರ್ತೊಲೊ ಮೇಷ್ಟ್ರು ಬೆಂಚಿನ ಪಕ್ಕ ಕೋಲೂರಿ ನಿಂತು ಕೇಳುತ್ತಿದ್ದರು. ಒಂದು ಅಕ್ಷರ ತಪ್ಪಿದರೆ ಕೋಲು ನೆಲಕ್ಕೆ ಕುಟ್ಟುತ್ತಿತ್ತು. ವರ್ಷಗಳಿಂದ ಆ ಕೋಲು ಕುಟ್ಟಿರಲಿಲ್ಲ. ಯಾರೂ ತಪ್ಪುತ್ತಿರಲಿಲ್ಲ.

ಹಾಗಿದ್ದೂ ಬೀದಿ ಕಿರಿದಾಗತೊಡಗಿತು. ಅದು ಮೊದಲು ಗೊತ್ತಾದದ್ದು ನನಗೆ. ಹುರಿಗಡಲೆಯ ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಂಡು ಹೋಗುವವಳು ನಾನು. ಒಂದು ದಿನ ಬುಟ್ಟಿಯ ಅಂಚು ಎದುರು ಮನೆಯ ಗೋಡೆಗೆ ತರಚಿತು. ನನಗೇ ಮೈ ಬಂದಿರಬೇಕು ಅಂದುಕೊಂಡೆ. ಆಮೇಲೆ ಬುಟ್ಟಿ ತಲೆಗೇರಿತು. ಆಮೇಲೆ ಎದುರುಬದುರು ಮನೆಯ ಕಿಟಕಿ ಬಾಗಿಲುಗಳು ಒಂದಕ್ಕೊಂದು ಬಡಿದು, ಇವರು ತೆರೆದರೆ ಅವರು ಮುಚ್ಚಬೇಕು ಎನ್ನುವ ಜಗಳ ಶುರುವಾಯಿತು. ನಾನು ಸಾಕಿದ ಹುಡುಗಿ ಫಾರಾಳ ಗಂಡ ಸಾರೊ ಗಾಡಿ ಹೊಡೆಯುವವನು. ಅವನ ಗಾಡಿ ಬೀದಿಯಾಚೆಯ ಕಾರಂಜಿ ಚೌಕದಲ್ಲೇ ನಿಲ್ಲತೊಡಗಿತು, ಹೇಸರಗತ್ತೆ ಮಾತ್ರ ಒಳಗೆ ಬರುತ್ತಿತ್ತು. ಸ್ವಲ್ಪ ದಿನಕ್ಕೆ ಹೇಸರಗತ್ತೆಯೂ ಬೀದಿಯ ಬಾಯಲ್ಲಿ ಕಿವಿ ನಿಮಿರಿಸಿ ನಿಂತುಬಿಟ್ಟಿತು. ಅದಕ್ಕಿದ್ದ ಬುದ್ಧಿ ನಮಗಿರಲಿಲ್ಲ.

"ಉಚ್ಚಾರಣೆ ಕೆಟ್ಟಿದೆ," ಎಂದರು ಬಾರ್ತೊಲೊ ಮೇಷ್ಟ್ರು. "ನೀವು ಬಾಯಲ್ಲಿ ಹೇಳ್ತೀರಿ, ನಾಲಗೆಗೆ ಭಕ್ತಿ ಇಲ್ಲ. ಇನ್ಮೇಲೆ ಬೆಳಿಗ್ಗೇನೂ ಹೇಳೋಣ."

ಬೆಳಿಗ್ಗೆಯೂ ಹೇಳಿದೆವು, ಮಧ್ಯಾಹ್ನವೂ ಹೇಳಿದೆವು. ಬೀದಿ ಇನ್ನೂ ಇರುಕಾಯಿತು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ಹೊಸಿಲಿನಾಚೆ ಹೋಗಿ ಎರಡೂ ಕೈ ಚಾಚಿ ನಿಲ್ಲುವುದು, ಮೊಣಕೈ ಎಷ್ಟು ಮಡಚಬೇಕಾಯಿತು ಎಂದು ನೋಡುವುದು, ಒಳಗೆ ಬಂದು ಬಸುರಿ ಫಾರಾಳ ಹೊಟ್ಟೆ ನೋಡುವುದು. ಬೀದಿ ಕುಗ್ಗುತ್ತಿತ್ತು, ಅವಳ ಹೊಟ್ಟೆ ಬೆಳೆಯುತ್ತಿತ್ತು. ಎರಡರ ನಡುವೆ ನನ್ನ ಜೀವ ಸಿಕ್ಕಿಕೊಂಡಿತ್ತು.

ಫಾರಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ನಾನೇ ಸಾಕಿದೆ. ನನ್ನ ಗಂಡ ಗಣಿಯಲ್ಲಿ ಹೋದ. ನನಗೊಂದು ಹೆಣ್ಣು ಮಗು ಹುಟ್ಟಿತ್ತು. ಚರ್ಚಿಗೆ ಒಯ್ದು ಹೆಸರಿಡುವ ಭಾನುವಾರ ಬರುವ ಮೊದಲೇ ಹೋಯಿತು. ಹಾಗಾಗಿ ನನ್ನದು ಅಂತ ಇದ್ದವಳು ಫಾರಾ ಒಬ್ಬಳೇ. ನಮ್ಮ ಮನೆ ಬೀದಿಯ ಕಟ್ಟಕಡೆಯದು. ಅದರ ಹಿಂದೆ ಬಂಡೆ. ಹೊರಗೆ ಹೋಗಲು ಬೀದಿ ಬಿಟ್ಟರೆ ಬೇರೆ ದಾರಿಯಿಲ್ಲ. ಊರಿಗೆ ಇರುವ ಸೂಲಗಿತ್ತಿ ಒಬ್ಬಳೇ, ಕಾರಂಜಿ ಚೌಕದ ಅಗ್ರಿಪ್ಪಿನಮ್ಮ. ಅವಳ ಕೈಗುಣ ದೊಡ್ಡದು, ಮೈಯೂ ದೊಡ್ಡದು.

"ನೋಡು ನಿನ್ಫಾ," ಎಂದಿದ್ದಳು ಅಗ್ರಿಪ್ಪಿನಮ್ಮ, ನಮ್ಮ ಬೀದಿಯ ಬಾಯಲ್ಲಿ ಒಂದು ಭುಜ ತೂರಿಸಿ ನೋಡಿ, ವಾಪಸು ಎಳೆದುಕೊಂಡು. "ಅವಳನ್ನ ಈಗ್ಲೇ ನಮ್ಮನೆಗೆ ಕರ್ಕೊಂಡ್ಬಾ. ಆಮೇಲೆ ನನ್ನ ದೂರಬೇಡ. ನಾನು ಉಪವಾಸ ಮಾಡಿದ್ರೂ ಈ ಸಂದಿಗೆ ಹಿಡಿಸೋಳಲ್ಲ."

ಕರೆದುಕೊಂಡು ಹೋಗಿಬಿಡಬೇಕಿತ್ತು. ಆದರೆ ನಮ್ಮಲ್ಲೊಂದು ಪದ್ಧತಿ ಇದೆ. ಮಗು ಯಾವ ಬೀದಿಯಲ್ಲಿ ಹುಟ್ಟುತ್ತದೋ ಆ ಬೀದಿಯ ವಿದ್ವಾಂಸನಿಗೆ ಸೇರುತ್ತದೆ, ಜೀವನವಿಡೀ ಅಲ್ಲಿಯ ಸರದಿಗೇ ಕೂರಬೇಕು. ನಮ್ಮ ಬೀದಿಯಲ್ಲಿ ಮಗು ಹುಟ್ಟಿ ಬಹಳ ಕಾಲವಾಗಿತ್ತು. ಅಗ್ರಿಪ್ಪಿನಮ್ಮ ಹೇಳಿದ್ದು ತಿಳಿದ ಮೇಷ್ಟ್ರು ನಮ್ಮ ಮನೆಗೆ ಬಂದರು. ಹೊಸಿಲು ದಾಟುವವರಲ್ಲ ಅವರು, ಆಚೆಯೇ ನಿಂತು ಮಾತಾಡುವವರು. ಅವತ್ತು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

"ಫಾರಾ, ನಿನ್ನನ್ನ ಬಲವಂತ ಮಾಡೋ ಹಕ್ಕು ನನಗಿಲ್ಲ," ಎಂದರು. "ಆದರೆ ಈ ಮಗು ಆಚೆ ಹುಟ್ಟಿದ್ರೆ ನಮ್ಮ ಕಾಲಕ್ಕೆ ಗಂದೋಲ್ಫೊ ಮುಗಿದ. ಹೇಳೋಕೆ ಮುದುಕರು ಮಾತ್ರ ಉಳೀತೀವಿ."

ಫಾರಾ ಕೈಯಲ್ಲಿದ್ದ ಹಿಟ್ಟು ಕೊಡವಿದಳು. "ನಾನು ಇಲ್ಲೇ ಹೆರ್ತೀನಿ ಮೇಷ್ಟ್ರೇ. ನಾ ಹುಟ್ಟಿದ ಬೀದಿ ಇದು."

ಮೇಷ್ಟ್ರು ಹೋದ ಮೇಲೆ ನಾನು ಅವಳಿಗೆ ಬಾಯಿಗೆ ಬಂದಂತೆ ಬೈದೆ. ಅವಳೂ ತಿರುಗಿ ಬೈದಳು. ಹಟ ಅವಳಿಗೆ ನನ್ನಿಂದಲೇ ಬಂದದ್ದು, ಯಾರನ್ನು ದೂರುವುದು? "ಇನ್ನೂ ಟೈಮಿದೆ ದೊಡ್ಡಮ್ಮ. ಅಷ್ಟರಲ್ಲಿ ಸರಿಹೋಗತ್ತೆ," ಎಂದಳು.

ಟೈಮಿರಲಿಲ್ಲ. ಹೇಳಿದ್ದಕ್ಕಿಂತ ಮುಂಚೆಯೇ, ಒಂದು ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದವಳು ಸೊಂಟ ಹಿಡಿದುಕೊಂಡು ಕೂತುಬಿಟ್ಟಳು. ಅವಳನ್ನು ಎಬ್ಬಿಸಿ, ಸಾರೊ ಮುಂದೆ ನಾನು ಹಿಂದೆ ನಿಂತು ಬೀದಿಗಿಳಿದೆವು. ನಾಲ್ಕು ಮನೆ ದಾಟುವಷ್ಟರಲ್ಲಿ ಹೊಟ್ಟೆ ಸಿಕ್ಕಿಕೊಂಡಿತು. ನೇರ ನಿಂತರೆ ಭುಜ ಹಿಡಿಯುತ್ತಿರಲಿಲ್ಲ, ಅಡ್ಡ ತಿರುಗಿದರೆ ಹೊಟ್ಟೆ ಹಿಡಿಯುತ್ತಿರಲಿಲ್ಲ. ಅವಳು ಗೋಡೆಗೆ ಹಣೆ ಒತ್ತಿ, "ನನ್ನ ವಾಪಸು ಕರ್ಕೊಂಡ್ಹೋಗಿ" ಎಂದು ಅಳತೊಡಗಿದಳು. ಹಿಮ್ಮುಖವಾಗಿಯೇ ನಡೆಸಿಕೊಂಡು ಬಂದು ಮಲಗಿಸಿದೆವು. ಸಾರೊ ಮಾಡು ಹತ್ತಿ ಸೂಲಗಿತ್ತಿಯನ್ನು ಮೇಲಿಂದ ತರುತ್ತೇನೆ ಎಂದು ಹೊರಟ. ನಮ್ಮ ಮಾಡಿನ ಹಂಚು ಬೆಕ್ಕು ಓಡಾಡಿದರೇ ಒಡೆಯುತ್ತದೆ, ಅಗ್ರಿಪ್ಪಿನಮ್ಮ ಕಾಲಿಟ್ಟರೆ ಮನೆಯೇ ಇಳಿಯುತ್ತದೆ. "ಮೊದಲು ಅವಳನ್ನ ಚೌಕಕ್ಕೆ ಕರೆಸು" ಎಂದು ಅವನನ್ನು ಬೀದಿಯಲ್ಲೇ ಓಡಿಸಿದೆ. ಅವನು ಕಡ್ಡಿಯಂಥ ಮನುಷ್ಯ, ಪಕ್ಕಕ್ಕೆ ತಿರುಗಿ ತೂರಿಕೊಂಡು ಹೋದ.

ಎದುರು ಮನೆಯ ಮುದುಕಿಯನ್ನು ಫಾರಾಳ ಹತ್ತಿರ ಕೂರಿಸಿ ನಾನೂ ಬೀದಿಯ ಬಾಯಿಗೆ ಹೋದೆ. ಬಟ್ಟೆ ಗೋಡೆಗೆ ತರಚಿ ತೋಳಿನ ಹತ್ತಿರ ಹರಿಯಿತು. ಅಲ್ಲಿ ಆಗಲೇ ಬೀದಿಯವರೆಲ್ಲ ಸೇರಿದ್ದರು, ಸೇರಿದ್ದರು ಅಂದರೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿದ್ದರು. ಅಷ್ಟೇ ಜಾಗ. ಮೇಷ್ಟ್ರು ಬೆಂಚಿನ ಪಕ್ಕದಲ್ಲಿದ್ದರು. ಒಬ್ಬರಾದ ಮೇಲೊಬ್ಬರು ಗಂದೋಲ್ಫೊನನ್ನು ಒಪ್ಪಿಸುತ್ತಿದ್ದರು, ಉಸಿರು ಕಟ್ಟಿ, ಬೆವರು ಒರೆಸಿಕೊಂಡು. ಬೀದಿಯ ಆಚೆ, ಚೌಕದ ಬಿಸಿಲಿನಲ್ಲಿ, ಅಗ್ರಿಪ್ಪಿನಮ್ಮ ತನ್ನ ಚೀಲ ಹಿಡಿದು ನಿಂತಿದ್ದಳು. ಒಂದು ಸಲ ನುಗ್ಗಲು ನೋಡಿದಳು. ಎದೆ ಒಳಗೆ, ಬೆನ್ನು ಹೊರಗೆ. ಸಾರೊ ಅವಳನ್ನು ಹಿಂದಕ್ಕೆಳೆದು ಬಿಡಿಸಬೇಕಾಯಿತು.

"ನೋವು ಎಷ್ಟೆಷ್ಟು ಹೊತ್ತಿಗೆ ಬರ್ತಿದೆ?" ಎಂದು ಅವಳು ಅಲ್ಲಿಂದಲೇ ಕೂಗಿದಳು.

"ಬಿಡುವೇ ಇಲ್ಲ!" ಎಂದೆ.

"ಹಾಗಾದ್ರೆ ನಾನು ಅಲ್ಲಿರಬೇಕು ನಿನ್ಫಾ. ಅವಳದು ಸಣ್ಣ ಸೊಂಟ. ನಿನ್ನ ಕೈಲಿ ಆಗಲ್ಲ."

ಅದು ನನಗೂ ಗೊತ್ತಿತ್ತು. ಅವಳ ತಾಯಿ, ನನ್ನ ತಂಗಿ, ಹೆರಿಗೆಯಲ್ಲೇ ಹೋದದ್ದು. ಹಿಂದೆ ನಮ್ಮ ಮನೆಯ ಕಡೆಯಿಂದ ಫಾರಾ ಕೂಗಿದ್ದು ಕೇಳಿಸಿತು.

"ನಿನ್ಫಕ್ಕ, ನಿಮ್ಮ ಸರದಿ," ಎಂದು ಯಾರೋ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. "ನಷ್ಟದ ಅಧ್ಯಾಯ. ನಿಲ್ಲಿಸಬೇಡಿ."

ನಾನು ಶುರು ಮಾಡಿದೆ. ಒಂದು ಕೈ ಎದುರು ಗೋಡೆಯ ಮೇಲಿತ್ತು. ಕೂತಲ್ಲಿಂದಲೇ ಅದು ಎಟಕುತ್ತಿತ್ತು. ಬಾಯಿ ಗಿಳಿಪಾಠ ಹೇಳುತ್ತಿತ್ತು, ಕಿವಿ ಮನೆಯ ಕಡೆಗಿತ್ತು. ದನ ಹೋದರೆ ಹೇಗಿರಬೇಕು, ಮನೆ ಹೋದರೆ ಹೇಗಿರಬೇಕು, ಎಲ್ಲಾ ಹೇಳಿದೆ. ಆಮೇಲೆ ಆ ಸಾಲು ಬಂತು. ಚಿಕ್ಕಂದಿನಿಂದ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. 'ಹೆಸರಿಡುವ ಮುನ್ನ ತೀರಿಕೊಂಡ ಶಿಶುವಿಗಾಗಿ ಅಳುವುದು ಅವಿವೇಕ. ಬಾರದೇ ಹೋದ ಅತಿಥಿಗಾಗಿ ಯಾರು ತಾನೇ ಶೋಕಿಸುತ್ತಾರೆ?'

ಹೇಳಿದೆ. ಮುಂದಿನ ಸಾಲು ಬಾಯಿಗೆ ಬರಲಿಲ್ಲ. ಮರೆತಿರಲಿಲ್ಲ, ಬರಲಿಲ್ಲ ಅಷ್ಟೆ.

ಮೇಷ್ಟ್ರ ಕೋಲು ವರ್ಷಗಳ ಮೇಲೆ ಮೊದಲ ಬಾರಿಗೆ ನೆಲಕ್ಕೆ ಕುಟ್ಟಿತು. "ಮುಂದೆ, ನಿನ್ಫಾ."

"ಸುಳ್ಳು," ಎಂದೆ.

"ಏನು?"

"ಈ ಮಾತು ಸುಳ್ಳು ಮೇಷ್ಟ್ರೇ. ಬಾರದೇ ಹೋದ ಅತಿಥಿಯಂತೆ! ಬಂದಿತ್ತು ನನ್ನ ಮಗು. ನನ್ನ ಬೆರಳು ಹಿಡ್ಕೊಂಡಿತ್ತು. ಹಾಲು ಕುಡೀತಿತ್ತು, ಕುಡಿದಾದ ಮೇಲೆ ಬಿಕ್ಕಳಿಸ್ತಿತ್ತು. ಬಂದಿದ್ದ ಮಗೂನ ಬರಲೇ ಇಲ್ಲ ಅಂತ ಬರೆಯೋಕೆ ಇವನ್ಯಾರು? ಇವನೇನು ಹೆತ್ತಿದ್ನಾ?"

ಹೀಗೆ ಹೇಳುತ್ತಿರುವಾಗ ನನ್ನ ಕೈ ಜಾರಿತು. ಗೋಡೆ ಅಂಗೈಯಿಂದ ದೂರ ಹೋಗಿತ್ತು. ಕೈ ಚಾಚಿ ನೋಡಿದೆ, ಎಟಕಲಿಲ್ಲ. ಸಾಲಿನಲ್ಲಿ ಒತ್ತಿಕೊಂಡು ನಿಂತಿದ್ದವರು ಇಬ್ಬಿಬ್ಬರಾಗಿ ಸರಿದು ಮುಖ ಮುಖ ನೋಡಿಕೊಂಡರು. ತೆಯೊದೋರೊ ಬೀದಿಯ ವಕೀಲರ ಗಲಾಟೆ ಆಗ ನಮ್ಮೆಲ್ಲರ ನೆನಪಿಗೂ ಬಂದಿರಬೇಕು. ಇಷ್ಟು ವರ್ಷ ಅವರನ್ನು ನೋಡಿ ಮೂಗು ಮುರಿದವರು ನಾವು.

ಸಾರೊ ಚೌಕದ ಕಡೆಯಿಂದ ಕುಣಿದಾಡಿದ. "ಗಂದೋಲ್ಫೊ ಕತ್ತೆ! ಗಂದೋಲ್ಫೊ ಮೂರ್ಖ!" ಎಂದು ಅರಚಿದ. ಅವನನ್ನು ನೋಡಿ ಇನ್ನೂ ನಾಲ್ಕು ಜನ ಅರಚಿದರು. ಗೋಡೆ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಬೈಗುಳಕ್ಕೆ ಬೀದಿ ಜಗ್ಗಲಿಲ್ಲ. ಅಗ್ರಿಪ್ಪಿನಮ್ಮ ಇನ್ನೊಂದು ಸಲ ನುಗ್ಗಿ ನೋಡಿದಳು. ಈಗ ಬೆನ್ನೂ ಬಂತು, ಸೊಂಟ ಮಾತ್ರ ಬರಲಿಲ್ಲ. "ಇನ್ನೊಂಚೂರು!" ಎಂದು ಏದುಸಿರು ಬಿಟ್ಟಳು.

ಮೇಷ್ಟ್ರು ಬೀದಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಅವರ ಮುಖ ಕೆಂಪಾಗಿತ್ತು.

"ಆ ಸಾಲು ಸುಳ್ಳಲ್ಲ," ಎಂದರು. "ಬೇರೆ ಯಾವ ಸಾಲು ಬೇಕಾದ್ರೂ ಸುಳ್ಳು ಅನ್ನು, ನಾನು ಕೇಳ್ತೀನಿ. ಅದೊಂದನ್ನ ಅನ್ನಬೇಡ. ನಮ್ಮ ಮನೇಲೂ ಒಂದು ಮಗು ಹೋಯ್ತು. ನಿನಗೆ ಗೊತ್ತು. ಕಾಂದಿದಾ ಊಟ ಬಿಟ್ಟಳು, ಮಾತು ಬಿಟ್ಟಳು. ನಾನು ಅವಳ ಮುಂದೆ ಕೂತು ಈ ಸಾಲು ಹೇಳಿದೆ. ಮೂರು ಸಲ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಎದ್ದು ಅಡಿಗೆ ಮಾಡಿದಳು. ಆಮೇಲೆ ಸಾಯೋವರೆಗೂ ಒಂದು ದಿನ ಅಳಲಿಲ್ಲ. ನನ್ನ ಹೆಂಡತಿಯನ್ನ ಉಳಿಸಿದ ಮಾತು ಅದು."

ಬೀದಿ ಇನ್ನಷ್ಟು ಅಗಲವಾಯಿತು. ನಮ್ಮ ಬೆನ್ನಿಗೆ ಗಾಳಿ ಬಂತು. ಆದರೆ ನಾನು ಈಗ ಬೀದಿಗಾಗಿ ಮಾತಾಡುತ್ತಿರಲಿಲ್ಲ. ಕಾಂದಿದಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು, ಅವರಿಗೆ ಹೇಳಬೇಡ ಎಂದು. ಅವಳು ಸತ್ತ ಮೇಲೂ ನಾನು ಬಾಯಿ ಕಟ್ಟಿಕೊಂಡಿದ್ದೆ. ಅವತ್ತು ಆಗಲಿಲ್ಲ.

"ಅಳಲಿಲ್ಲ ಅಂತೀರಾ ಮೇಷ್ಟ್ರೇ? ನಿಮ್ಮ ಮುಂದೆ ಅಳಲಿಲ್ಲ. ಮಧ್ಯಾಹ್ನ ನೀವು ಶಾಲೆಗೆ ಹೋದ ಮೇಲೆ ನಮ್ಮನೆಗೆ ಬರ್ತಿದ್ರು. ನಾನು ಕಡಲೆ ಹುರೀತಿದ್ರೆ ಒಲೆ ಪಕ್ಕ ಕೂತ್ಕೊಂಡು ಅಳ್ತಿದ್ರು. ಹೊಗೆಗೆ ಕಣ್ಣು ಕೆಂಪಾಗಿದೆ ಅಂತ ನಿಮಗೆ ಹೇಳೋಕೆ ಅನುಕೂಲ ಅಂತ ಅಲ್ಲೇ ಕೂರ್ತಿದ್ರು. ನಾವಿಬ್ರೂ ಅಳ್ತಿದ್ವಿ. ಆ ಮಗೂಗೆ ಅವರು ಹೆಸರೂ ಇಟ್ಟಿದ್ರು. ಹೆಸರು ಹಿಡಿದು ಕರೀತಿದ್ರು."

ಮೇಷ್ಟ್ರ ಕೈಯಿಂದ ಕೋಲು ಬಿತ್ತು. ಅದು ಕಲ್ಲುಹಾಸಿನ ಮೇಲೆ ಉರುಳಿಕೊಂಡು ಹೋಗಿ, ಸ್ವಲ್ಪ ಹೊತ್ತಿನ ಮುಂಚೆ ಗೋಡೆಯಿದ್ದ ಜಾಗ ದಾಟಿ ನಿಂತಿತು.

"ಸುಳ್ಳು ಹೇಳ್ತಿದೀಯ," ಎಂದರು ಮೆಲ್ಲಗೆ.

"ನಾನು ಸುಳ್ಳು ಹೇಳಲ್ಲ ಅಂತ ನಿಮಗೆ ಗೊತ್ತು."

"ಹಾಗಾದ್ರೆ ನಾನು ಇಷ್ಟು ವರ್ಷ..." ಎಂದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೇ ಬಂದರೆ ಏನು ಮಾಡಬೇಕು ಎಂದು ಗಂದೋಲ್ಫೊ ಎಲ್ಲೂ ಬರೆದಿಲ್ಲ.

ಅಷ್ಟರಲ್ಲಿ ಅಗ್ರಿಪ್ಪಿನಮ್ಮ ಬಂದಳು. ಯಾರೂ ಎಳೆಯಲಿಲ್ಲ, ಯಾರೂ ತಳ್ಳಲಿಲ್ಲ. ಚೀಲ ಬೀಸಿಕೊಂಡು, ಎರಡೂ ಬದಿಗೆ ಬೇಕಾದಷ್ಟು ಜಾಗ ಬಿಟ್ಟುಕೊಂಡು, ಬೀದಿಯ ನಡುವೆ ದಾಪುಗಾಲು ಹಾಕುತ್ತಾ ನಮ್ಮ ಮುಂದೆಯೇ ಹೋದಳು. "ಜಗಳ ಆಮೇಲೆ ಆಡ್ಕೊಳ್ಳಿ, ಬಿಸಿನೀರು ಇಡಿ!" ಎಂದು ಹಿಂತಿರುಗಿ ನೋಡದೆ ಗದರಿದಳು. ನಾನು ಎದ್ದು ಅವಳ ಹಿಂದೆ ಓಡಿದೆ. ಓಡುವುದಕ್ಕೂ ಜಾಗ ಬೇಕು ಎನ್ನುವುದು ನನಗೆ ಮರೆತೇಹೋಗಿತ್ತು.

ಹೆರಿಗೆ ಸುಲಭವಾಗಲಿಲ್ಲ. ಅಗ್ರಿಪ್ಪಿನಮ್ಮ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ನಾನು ಇವತ್ತಿಗೂ ಯೋಚಿಸಲಾರೆ. ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ ಹೆಣ್ಣು ಮಗು ಹುಟ್ಟಿತು. ಉಸಿರಾಡಲು ಸ್ವಲ್ಪ ತಡಮಾಡಿ ನಮ್ಮೆಲ್ಲರ ಜೀವ ತೆಗೆದು, ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿತು. ಫಾರಾ ಮಗುವನ್ನು ಎದೆಗೆ ಒತ್ತಿಕೊಂಡು ನಕ್ಕಳು. ಮಗು ನನ್ನ ಬೆರಳು ಹಿಡಿಯಿತು. ನಾನು ಬೆರಳನ್ನು ಬಿಡಿಸಿಕೊಂಡು ಒಲೆಯ ಹತ್ತಿರ ಹೋಗಿ, ಕಡಲೆ ಹುರಿಯುವ ಬಾಣಲೆಯನ್ನು ಸುಮ್ಮಸುಮ್ಮನೆ ಉಜ್ಜುತ್ತಾ ಕೂತೆ.

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಕೋಲಿರಲಿಲ್ಲ. ಮಗುವನ್ನು ನೋಡಲು ಬಂದಿದ್ದಾರೆ ಅಂದುಕೊಂಡು, ಒಳಗೆ ಹೋಗಿ ಎಂದೆ. ಅವರು ಹೊಸಿಲು ದಾಟಿದರು. ಆದರೆ ಒಳಕೋಣೆಗೆ ಹೋಗಲಿಲ್ಲ, ಒಲೆಯ ಪಕ್ಕಕ್ಕೆ ಬಂದರು.

"ಎಲ್ಲಿ ಕೂರ್ತಿದ್ದಳು?" ಎಂದರು.

ತೋರಿಸಿದೆ. ಒಂದು ಗಿಡ್ಡ ಮಣೆ, ಈಗಲೂ ಅಲ್ಲೇ ಇದೆ. ಅವರು ಅದರ ಮೇಲೆ ಕೂತರು. ಎತ್ತರದ ಆಳು, ಮೊಣಕಾಲು ಗಲ್ಲಕ್ಕೆ ಬಂತು.

"ಏನಂತ ಕರೀತಿದ್ದಳು ಅವನನ್ನ?"

ಹೇಳಬಾರದು ಎಂದು ಅವಳಿಗೆ ಕೊಟ್ಟ ಮಾತನ್ನು ಅರ್ಧ ಮುರಿದಾಗಿತ್ತು. ಇನ್ನರ್ಧ ಇಟ್ಟುಕೊಂಡು ನಾನೇನು ಮಾಡಲಿ? "ವೀತೊ ಅಂತ," ಎಂದೆ.

ಅವರು ಆ ಹೆಸರನ್ನು ಒಂದು ಸಲ ತುಟಿಯಲ್ಲೇ ಹೇಳಿಕೊಂಡರು. ಆಮೇಲೆ ಅತ್ತರು. ಮುದುಕರು ಅಳುವುದನ್ನು ನೋಡುವುದು ಕಷ್ಟ. ನಾನು ಬಾಣಲೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ತುಂಬ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, "ನಿನ್ನದು?" ಎಂದರು.

"ನನ್ನದೇನು?"

"ನಿನ್ನ ಮಗಳು. ಏನು ಹೆಸರಿಟ್ಟಿದ್ದೆ?"

"ಇಡಲಿಲ್ಲ ಮೇಷ್ಟ್ರೇ," ಎಂದೆ. "ನಾನು ಪುಸ್ತಕದ ಮಾತು ಕೇಳಿದೆ."

ಅವರು ಮಣೆಯಿಂದ ಎದ್ದರು. ಹೊಸಿಲು ದಾಟಿದ ಮೇಲೆ ತಿರುಗಿ, ಶಾಲೆಯಲ್ಲಿ ಹೇಳುತ್ತಿದ್ದ ದನಿಯಲ್ಲಿ, "ಇಡು," ಎಂದು ಹೇಳಿ ಹೋದರು.

ಆ ದಿನದಿಂದ ನಮ್ಮ ಬೀದಿಗೆ ನೆಮ್ಮದಿಯೆನ್ನುವುದು ಇಲ್ಲ. ಮೇಷ್ಟ್ರು ಗೂಡಿನ ಬೀಗ ತೆಗೆದು ಪುಸ್ತಕವನ್ನು ಬೆಂಚಿನ ಮೇಲೆ ಇಟ್ಟುಬಿಟ್ಟಿದ್ದಾರೆ. ಸಂಜೆಯಾದರೆ ಸಾಕು, ಸಿಟ್ಟಿನ ಅಧ್ಯಾಯಕ್ಕೆ ಒಬ್ಬಳು ಸಿಟ್ಟು ಮಾಡಿಕೊಳ್ಳುತ್ತಾಳೆ, ತಾಳ್ಮೆಯ ಅಧ್ಯಾಯ ಓದುವಾಗ ಇಬ್ಬರು ತಾಳ್ಮೆ ಕಳೆದುಕೊಳ್ಳುತ್ತಾರೆ. ಮೇಷ್ಟ್ರು ಅರ್ಧ ಮಾತುಗಳಿಗೆ ಇವತ್ತಿಗೂ ಗಂದೋಲ್ಫೊನ ಪಕ್ಷ. ನಾನು ಮಿಕ್ಕರ್ಧಕ್ಕೆ ಅವನ ವಿರುದ್ಧ. ಅವನು ಬರೆದದ್ದರಲ್ಲಿ ನಿಜವೂ ಬಹಳ ಇದೆ ಎಂದು ಈಗೀಗ ಗೊತ್ತಾಗುತ್ತಿದೆ, ಜಗಳವಾಡದೆ ಅದೂ ಗೊತ್ತಾಗುತ್ತಿರಲಿಲ್ಲ. ಮಾತಿಗೆ ಮಾತು ಬೆಳೆದ ಮಾರನೆಯ ದಿನ ಸಾರೊನ ಗಾಡಿ ನಮ್ಮ ಬಾಗಿಲ ತನಕ ಬರುತ್ತದೆ. ಎಲ್ಲರೂ ಒಪ್ಪಿಕೊಂಡು ತಲೆಯಾಡಿಸಿದ ದಿನ ಹೇಸರಗತ್ತೆ ಬೀದಿಯ ಬಾಯಲ್ಲೇ ಕಿವಿ ನಿಮಿರಿಸುತ್ತದೆ. ತೆಯೊದೋರೊ ಬೀದಿಯ ವಕೀಲರು ಚೌಕದಲ್ಲಿ ನಿಂತು ನಮ್ಮ ಗಲಾಟೆ ಕೇಳಿ ತಲೆ ಕೊಡವಿಕೊಂಡು ಹೋಗುತ್ತಾರೆ. ಫಾರಾಳ ಮಗಳು ಬೆಂಚಿನ ಕಾಲು ಹಿಡಿದು ನಿಲ್ಲಲು ಕಲಿತಿದ್ದಾಳೆ.

ನನಗೆ ಮಾತ್ರ ಕೂತಲ್ಲಿ ಕೂರಲಾಗುವುದಿಲ್ಲ. ಬುಟ್ಟಿ ಮತ್ತೆ ಸೊಂಟಕ್ಕೆ ಇಳಿದಿದೆ. ಕಡಲೆ ಮಾರಿಕೊಂಡು ಊರೆಲ್ಲ ಸುತ್ತುವಾಗ ಹೆಸರುಗಳನ್ನು ಹುಡುಕುತ್ತೇನೆ. ತಾಯಂದಿರು ಮಕ್ಕಳನ್ನು ಕೂಗುವುದನ್ನು ಕೇಳಿಸಿಕೊಳ್ಳುತ್ತೇನೆ. ಒಂದು ಹೆಸರು ತುಂಬ ಉದ್ದ, ಒಂದು ಹೆಸರು ತುಂಬ ದೊಡ್ಡ ಮನೆತನದ್ದು, ಒಂದು ಹೆಸರು ಆಗಲೇ ಇನ್ನೊಬ್ಬಳದು. ಅಷ್ಟು ಚಿಕ್ಕ ಮಗು, ಅದಕ್ಕೆ ಯಾವುದು ಹೊಂದುತ್ತದೆ? ಬದುಕಿದ್ದರೆ ಈಗ ಅವಳಿಗೂ ಮಕ್ಕಳಿರುತ್ತಿದ್ದರು. ಚಿಕ್ಕವಳಿಗೆ ಹೆಸರಿಡಲೋ, ದೊಡ್ಡವಳಿಗೆ ಇಡಲೋ ಎಂದು ತಿಳಿಯದೆ ನಡುದಾರಿಯಲ್ಲಿ ನಿಂತುಬಿಡುತ್ತೇನೆ. ಕೊಳ್ಳಲು ಬಂದವರು ಕೈಚಾಚಿ ಕಾಯುತ್ತಾರೆ.

ನಿನ್ನೆ ಸಂಜೆ ಎಲ್ಲರೂ ಮನೆ ಸೇರಿದ ಮೇಲೆ, ಬೀದಿಯ ನಡುವೆ ನಿಂತು ಒಂದು ಹೆಸರು ಕೂಗಿ ನೋಡಿದೆ. ಊಟಕ್ಕೆ ಕರೆಯುವ ಹಾಗೆ, ಗಟ್ಟಿಯಾಗಿ. ಬಾಯಿಗೆ ಹೊಂದಿತು. ಇನ್ನೊಂದು ಸಲ ಕೂಗಿದೆ, ಆಗಲೂ ಹೊಂದಿತು. ಮೇಷ್ಟ್ರ ಮನೆಯ ಕಿಟಕಿ ತೆರೆಯಿತು. ನಾಳೆ ನನ್ನ ಸರದಿ. ಬೆಂಚಿನ ಮೇಲೆ ಕೂತು ಮೊದಲು ಆ ಹೆಸರು ಹೇಳುತ್ತೇನೆ, ಆಮೇಲೆ ಪುಸ್ತಕ ತೆರೆಯುತ್ತೇನೆ. ತಕರಾರಿದ್ದವರು ಬರಲಿ.